ಅಪ್ಪನ ಗಾಡಿಗೆ ಯಾವ ಆಯಿಲ್?

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಸ್ಪ್ಲೆಂಡರ್ ಬೈಕ್ ಈಗ ನನ್ನ ಕೈಗೆ ಬಂದಿದೆ. ಅವರಿದ್ದಾಗ ಸರ್ವೀಸ್, ಆಯಿಲ್ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ನನಗೇನೂ ಗೊತ್ತಿರಲಿಲ್ಲ. ಗಾಡಿಗೆ ಒಳ್ಳೆಯದಾಗಲಿ ಅಂತ ಅಂಗಡಿಯಲ್ಲಿದ್ದ ಆಯಿಲ್‌ಗಳಲ್ಲೇ ದುಬಾರಿಯಾದ ಫುಲ್ ಸಿಂಥೆಟಿಕ್ ತಂದು ಹಾಕಿಸಿದೆ. ಅದು ಕಾರಿನ ಆಯಿಲ್ ಅಂತ ಆಮೇಲೆ ತಿಳಿಯಿತು. ಈಗ ಏರಿನಲ್ಲಿ ರೇಸ್ ಕೊಟ್ಟರೆ ಎಂಜಿನ್ ಸದ್ದು ಮಾತ್ರ ಏರುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. 'ಅಣ್ಣ ಇಷ್ಟು ವರ್ಷ ಕಾಪಾಡಿದ ಗಾಡೀನ ನೀನು ಒಂದೇ ವರ್ಷಕ್ಕೆ ಹಾಳು ಮಾಡ್ದೆ' ಅಂದರು ಚಿಕ್ಕಪ್ಪ. ಅವತ್ತಿನಿಂದ ಗಾಡಿ ಮುಟ್ಟಿಲ್ಲ. ರಾತ್ರಿಯೆಲ್ಲ ಆಯಿಲ್ ಬಗ್ಗೆ ವಿಡಿಯೊ ನೋಡುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪು ಅನ್ನುತ್ತಾರೆ. ಸರಿಯಾಗಿ ನಿದ್ದೆಯೂ ಇಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಚಿಕ್ಕಪ್ಪನ ಮಾತು ನಿಮ್ಮನ್ನು ಇಷ್ಟು ಚುಚ್ಚಿರುವುದು ಸಹಜ. ಅಪ್ಪ ದಿನಾ ಕೈಯಾಡಿಸಿದ ವಸ್ತು ಅದು. ಅದಕ್ಕೆ ಏನಾದರೂ ಆದರೆ ಅಪ್ಪನಿಗೇ ಏನೋ ಆದಂತೆ ಅನ್ನಿಸುತ್ತದೆ. ಮನೆಯಲ್ಲಿ ಹಿರಿಯರು ಹೋದ ಮೇಲೆ ಅವರ ಹೊಲ, ಅಂಗಡಿ, ಹಸು, ಗಾಡಿ ಯಾವುದನ್ನೇ ನೋಡಿಕೊಳ್ಳಲು ನಿಂತ ಮಕ್ಕಳಿಗೆ ಈ ಅಳುಕು ಇದ್ದೇ ಇರುತ್ತದೆ. ಅಪ್ಪ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಅನ್ನುವ ಮಾತನ್ನು ಯಾರೂ ಹೇಳದಿದ್ದರೂ ನಾವೇ ಹೇಳಿಕೊಳ್ಳುತ್ತೇವೆ. ನಿಮಗಂತೂ ಅದನ್ನು ಚಿಕ್ಕಪ್ಪ ಬಾಯಿಬಿಟ್ಟೇ ಹೇಳಿದ್ದಾರೆ.

ಈಗ ಒಂದು ಸಮಾಧಾನದ ಸಂಗತಿ. ನೀವು ಬರೆದಿರುವ ಲಕ್ಷಣ ಕ್ಲಚ್ ಸ್ಲಿಪ್ ಆಗುವುದರದ್ದು. ಎಂಜಿನ್ ಹಾಳಾಗಿದೆ ಎಂದು ಅದರಿಂದ ತೀರ್ಮಾನಿಸಬೇಕಾಗಿಲ್ಲ.

ಕಾರಣವನ್ನೂ ತಿಳಿದುಕೊಳ್ಳಿ, ತಿಳಿದರೆ ಅರ್ಧ ಭಯ ಹೋಗುತ್ತದೆ. ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್. ಸಾಮಾನ್ಯವಾಗಿ ಕ್ಲಚ್ ಆಯಿಲ್ ತಾಗದೆ ಒಣಗಿರುತ್ತದೆ. ನಿಮ್ಮ ಬೈಕಿನಲ್ಲಿ ಹಾಗಲ್ಲ. ಪಿಸ್ಟನ್ನು, ಗೇರು, ಕ್ಲಚ್ ಪ್ಲೇಟು ಮೂರೂ ಸುಮಾರು ಒಂದು ಲೀಟರ್ ಆಯಿಲನ್ನೇ ಹಂಚಿಕೊಂಡು ಬದುಕುತ್ತವೆ. ಪಿಸ್ಟನ್ನಿಗೆ ಜಾರಿಕೆ ಬೇಕು, ಕ್ಲಚ್ ಪ್ಲೇಟಿಗೆ ಹಿಡಿತ ಬೇಕು. ಕಾರಿನ ಆಯಿಲ್‌ಗಳಲ್ಲಿ, ಅದರಲ್ಲೂ ಪೆಟ್ರೋಲ್ ಉಳಿಸಲೆಂದು ತಯಾರಿಸಿದ ತೆಳು ಆಯಿಲ್‌ಗಳಲ್ಲಿ, ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ನಿಮ್ಮ ಕ್ಲಚ್ ಪ್ಲೇಟುಗಳು ಅದರಿಂದ ಹಿಡಿತ ಕಳೆದುಕೊಂಡು ಜಾರುತ್ತಿವೆ. ಸಕ್ಕರೆ ಕಾಯಿಲೆಯವರ ಎಲೆಗೆ ಪ್ರೀತಿಯಿಂದ ಇನ್ನೊಂದು ಹೋಳಿಗೆ ಬಡಿಸಿದ ಹಾಗೆ ಆಗಿದೆ. ಬಡಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ವಿಡಿಯೊಗಳ ಗೊಂದಲದ ಬಗ್ಗೆ ಹೇಳುತ್ತೇನೆ. ಅವರಲ್ಲಿ ಬಹಳ ಜನ ಸುಳ್ಳು ಹೇಳುತ್ತಿಲ್ಲ, ತಂತಮ್ಮ ಗಾಡಿಯ ನಿಜ ಹೇಳುತ್ತಿದ್ದಾರೆ. ಪಲ್ಸರ್‌ನವರಿಗೆ ಸಾಮಾನ್ಯವಾಗಿ 20ಡಬ್ಲ್ಯೂ-50 ಸರಿ. ಈಗಿನ 350 ಸಿಸಿ ಬುಲೆಟ್ ಬಳಗಕ್ಕೆ 15ಡಬ್ಲ್ಯೂ-50. ನಿಮ್ಮ ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30. ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಎರಡನೆಯದು ಎಂಜಿನ್ ಕಾದ ಮೇಲೆ ಅದು ಎಷ್ಟು ಗಟ್ಟಿ ಉಳಿಯುತ್ತದೆ ಅನ್ನುವುದಕ್ಕೆ. ಅಂಕಿ ದೊಡ್ಡದಾದರೆ ಆಯಿಲ್ ಒಳ್ಳೆಯದು ಅಂತಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದ ಹಿರಿಯರನ್ನು ಕೇಳಿದರೆ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದ ಕಾಲದ ಮಾತು ಹೇಳುತ್ತಾರೆ. ಅವರ ಗಾಡಿಗೆ ಅದೂ ಸರಿಯೇ. ಎಲ್ಲರ ಮಾತನ್ನೂ ಒಂದೇ ಗಾಡಿಯ ಮೇಲೆ ಹೇರಲು ಹೋದರೆ ಯಾರಿಗೂ ನಿದ್ದೆ ಬರುವುದಿಲ್ಲ. ದಯವಿಟ್ಟು ವಿಡಿಯೊಗಳನ್ನು ಇಂದಿಗೆ ನಿಲ್ಲಿಸಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಗಾಡಿಯ ಜೊತೆ ಬಂದ ಪುಸ್ತಕ ಅಪ್ಪನ ಕಾಗದಪತ್ರಗಳ ನಡುವೆ ಇರಬಹುದು, ಹುಡುಕಿ. ಇಲ್ಲದಿದ್ದರೆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಯಾವ ಗ್ರೇಡು, ಎಷ್ಟು ಆಯಿಲ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದೆಲ್ಲ ಆ ಪುಸ್ತಕದಲ್ಲಿದೆ. ಡಬ್ಬಿ ಕೊಳ್ಳುವಾಗ 10ಡಬ್ಲ್ಯೂ-30 ಎಂಬುದರ ಜೊತೆಗೆ 'ಜಾಸೊ ಎಂಎ' ಅಂತ ಬರೆದಿದೆಯೇ ನೋಡಿ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುವ ಆಯಿಲ್ ಎಂದು ಗುರುತಿಸಲು ಜಪಾನಿನವರು 1998ರಲ್ಲಿ ತಂದ ಗುರುತು ಅದು. 'ಎಂಬಿ' ಎಂದಿದ್ದರೆ ಅದು ಸ್ಕೂಟರುಗಳಿಗೆ. ಎರಡರ ಮೇಲೂ 10ಡಬ್ಲ್ಯೂ-30 ಎಂದೇ ಇರಬಹುದು, ಹಾಗಾಗಿ ಆ ಎರಡಕ್ಷರವನ್ನು ಮರೆಯದೆ ಓದಿ. ಬ್ರ್ಯಾಂಡ್ ಯಾವುದು, ಸಿಂಥೆಟಿಕ್ಕೋ ಸಾದಾ ಮಿನರಲ್ಲೋ ಅನ್ನುವುದು ಆಮೇಲಿನ ಮಾತು. ಪೇಟೆ, ಹೊಲ ಅಂತ ಓಡಾಡುವ ಸ್ಪ್ಲೆಂಡರ್‌ಗೆ, ಹೊತ್ತಿಗೆ ಸರಿಯಾಗಿ ಬದಲಿಸಿದರೆ, ಸಾದಾ ಆಯಿಲ್ ಸಾಕು. ದುಬಾರಿ ಡಬ್ಬಿ ತಂದರೇ ಅಪ್ಪನ ಮೇಲೆ ಪ್ರೀತಿ ಇದ್ದಂತೆ ಅಂದುಕೊಳ್ಳಬೇಡಿ.

ಮೆಕ್ಯಾನಿಕ್ ಹತ್ತಿರ ನೀವೇ ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿ. ಇಂಥದ್ದನ್ನು ಅವರು ಬೇಕಾದಷ್ಟು ನೋಡಿರುತ್ತಾರೆ. ಮೊದಲು ಕ್ಲಚ್ ಕೇಬಲ್ ತೀರಾ ಬಿಗಿಯಾಗಿದೆಯೇ ನೋಡಲಿ. ಆಮೇಲೆ ಎಂಜಿನ್ ಸ್ವಲ್ಪ ಬಿಸಿಯಿದ್ದಾಗ ಆ ಆಯಿಲನ್ನು ಪೂರ್ತಿ ಇಳಿಸಿ ಹೊಸದು ಹಾಕಲಿ. ಎಷ್ಟೋ ಗಾಡಿಗಳಲ್ಲಿ ಸ್ವಲ್ಪ ದಿನ ಓಡಿಸಿದ ಮೇಲೆ ಹಿಡಿತ ಮರಳಿ ಬರುತ್ತದೆ. ಬರದಿದ್ದರೆ ಕ್ಲಚ್ ಪ್ಲೇಟ್ ಬದಲಿಸಬೇಕಾಗುತ್ತದೆ. ಅದಕ್ಕೆ ಬಲಗಡೆಯ ಕವರ್ ಬಿಚ್ಚಿದರೆ ಸಾಕು, ಇಡೀ ಎಂಜಿನ್ ಇಳಿಸುವ ಕೆಲಸವಲ್ಲ. ಪ್ಲೇಟುಗಳು ಸವೆದು ಬದಲಾಗಲೆಂದೇ ಇರುವ ಭಾಗ, ಅಪ್ಪನೂ ಒಂದಲ್ಲ ಒಂದು ಸಲ ಬದಲಿಸಿರಬಹುದು. ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲಲು ಬಿಡಬೇಡಿ. ಹಳೆ ಆಯಿಲ್ ಕೊಳ್ಳುವವರಿಗೆ ಕೊಡಲು ಮೆಕ್ಯಾನಿಕ್ ಹತ್ತಿರವೇ ಬಿಡಿ. ಖಾಲಿ ಡಬ್ಬಿಗೆ ನೀವೇ ತೂತು ಮಾಡಿಬಿಡಿ, ಇಲ್ಲದಿದ್ದರೆ ಅದರಲ್ಲಿ ಕಲಬೆರಕೆ ತುಂಬಿ ಮಾರುವವರಿದ್ದಾರೆ.

ಇನ್ನು ಮುಂದೆ ಆಗಾಗ ಮಟ್ಟ ನೋಡುವುದನ್ನು ರೂಢಿಸಿಕೊಳ್ಳಿ. ಗಾಡಿ ಕೆಲವು ನಿಮಿಷ ಚಾಲೂ ಇಟ್ಟು ಆರಿಸಿ, ಎರಡು ಮೂರು ನಿಮಿಷ ಬಿಟ್ಟು, ನಡು ಸ್ಟ್ಯಾಂಡಿನ ಮೇಲೆ ನೇರ ನಿಲ್ಲಿಸಿ. ಕಡ್ಡಿಯನ್ನು ಒರೆಸಿ, ತಿರುಗಿಸಿ ಬಿಗಿಸದೆ ಸುಮ್ಮನೆ ಇಳಿಬಿಟ್ಟು ತೆಗೆದು ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ, ಮೇಲಿನ ಗೆರೆ ದಾಟಿಸಬೇಡಿ. ಆಯಿಲ್ ಕಪ್ಪಾಗಿದೆ ಅಂತ ಗಾಬರಿ ಬೇಡ, ಒಳಗಿನ ಮಸಿಯನ್ನು ಹೊತ್ತುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿರಬಹುದು, ಆಗ ಮೆಕ್ಯಾನಿಕ್‌ಗೆ ತೋರಿಸಿ.

ಚಿಕ್ಕಪ್ಪನ ಬಗ್ಗೆ ಎರಡು ಮಾತು. ನೀವು ಅಪ್ಪನನ್ನು ಕಳೆದುಕೊಂಡಿದ್ದೀರಿ, ಅವರು ಅಣ್ಣನನ್ನು. ಅಣ್ಣನ ಗಾಡಿ ಕೆಟ್ಟಿದ್ದನ್ನು ನೋಡಿ ಬಂದ ಸಂಕಟ ಸಿಟ್ಟಾಗಿ ಹೊರಟಿರಬಹುದು. ಮಾತು ಕಠಿಣವೇ, ನಿಮಗೆ ನೋವಾಗಿದ್ದೂ ನಿಜ. ಅದಕ್ಕೆ ವಾದ ಹೂಡಬೇಡಿ. 'ಚಿಕ್ಕಪ್ಪ, ಅಪ್ಪ ಗಾಡಿ ಸರ್ವೀಸಿಗೆ ಎಲ್ಲಿ ಬಿಡ್ತಿದ್ರು? ಒಂದ್ಸಲ ನನ್ನ ಜೊತೆ ಬನ್ನಿ' ಅಂತ ಕೇಳಿ ನೋಡಿ. ಅವರು ಬರುತ್ತಾರೆ ಅಂತ ನನ್ನ ನಂಬಿಕೆ. ಇದನ್ನು ಓದುತ್ತಿರುವ ಹಿರಿಯರಲ್ಲೂ ಒಂದು ಕೋರಿಕೆ: ಗಾಡಿ ಸರ್ವೀಸಿಗೆ ಬಿಡುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ನೀವು ತೋರಿಸದೆ ಇದ್ದುದನ್ನು ಅವರು ತಿಳಿದಿರಬೇಕು ಅನ್ನುವುದು ನ್ಯಾಯವಲ್ಲ.

ಭಯಕ್ಕೆ ಗಾಡಿಯನ್ನು ಕವರ್ ಹೊದಿಸಿ ನಿಲ್ಲಿಸಬೇಡಿ. ನಿಂತೇ ಇದ್ದರೆ ಬ್ಯಾಟರಿ ಇಳಿಯುತ್ತದೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಕೆಡುತ್ತದೆ. ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಆ ಎಂಜಿನ್ ರಿಪೇರಿಗೆ ಬರುತ್ತದೆ. ಅವತ್ತೂ ಅದು ನಿಮ್ಮ ತಪ್ಪಾಗಿರಬೇಕಿಲ್ಲ.

ಕ್ಲಚ್ ಸರಿಹೋದ ಮೇಲೂ ಎದೆಯ ಭಾರ ಹಾಗೇ ಉಳಿಯಬಹುದು. ಆಗ ಅಮ್ಮನ ಜೊತೆಯೋ ಆಪ್ತ ಗೆಳೆಯರ ಜೊತೆಯೋ ಅಪ್ಪನ ಬಗ್ಗೆ ಮಾತಾಡಿ, ಅಳು ಬಂದರೆ ತಡೆಯಬೇಡಿ. ಇನ್ನೆರಡು ವಾರವೂ ನಿದ್ದೆ, ಊಟ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ದುಡ್ಡಿಲ್ಲ.