ನೆರೆಬಯಲಿನ ಮರಗಳು ಮತ್ತು ಹವಾಮಾನ ಬದಲಾವಣೆ: ಅಘನಾಶಿನಿಯಿಂದ ಸುಗಟೂರಿಗೆ ಒಂದು ಪಾಠ

(ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಅಧ್ಯಯನಕ್ಕಾಗಿ)

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಕಾಂಡ್ಲಾ ಮರಗಳು ಸಿಹಿನೀರು, ಉಪ್ಪುನೀರು ಬೆರೆಯುವ ಕೆಸರಿನಲ್ಲಿ ಉಸಿರುಬೇರುಗಳ ಬಲದಿಂದ ಬದುಕುತ್ತವೆ. ಸಮುದ್ರಮಟ್ಟ ಏರಿದಂತೆ ಇಂತಹ ಬೇರುಗಳು ಹೆಚ್ಚು ಕಾಲ ಮುಳುಗಿರುತ್ತವೆ. ಹೊಳೆಯ ಹರಿವು ಕುಗ್ಗಿದರೆ ಉಪ್ಪು ಒಳನಾಡಿಗೆ ಸರಿದು, ದಡದ ಸಿಹಿನೀರಿನ ಮರಗಳು ಒಣಗುತ್ತವೆ. ಕಾಂಡ್ಲಾ ಹಿಂದೆ ಸರಿಯಲು ಕಟ್ಟೆ, ರಸ್ತೆಗಳು ಎಡೆಗೊಡುವುದಿಲ್ಲ.

ಕೋಲಾರದಲ್ಲಿ ಕಡಲಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಆದರೆ ಕೆರೆಯ ಹಿನ್ನೀರಂಚು ಹಾಗೂ ರಾಜಕಾಲುವೆಯ ದಡಗಳೇ ನಮ್ಮ ನೆರೆಬಯಲು. 2021ರ ನವೆಂಬರ್ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ತುಂಬಿ ಕೋಡಿ ಹರಿದವು. ದೀರ್ಘ ಬರ, ಬಳಿಕ ಒಮ್ಮೆಲೇ ನೆರೆ: ಎರಡನ್ನೂ ತಾಳುವ ಮರ ಮಾತ್ರ ಇಲ್ಲಿ ಉಳಿಯುತ್ತದೆ. ದಡದಲ್ಲಿ ಮರವಿಲ್ಲದಿದ್ದರೆ ಮಣ್ಣು ಕೊಚ್ಚಿ ಬಂದು ಹೂಳಾಗಿ, ಕೆರೆಯ ಸಂಗ್ರಹ ಸಾಮರ್ಥ್ಯವೇ ಕುಗ್ಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಕಾಲುವೆಯ ಹೂಳೆತ್ತುವ ಅಂದಾಜುಪಟ್ಟಿಯಲ್ಲಿಯೇ ಉಳಿಸಬೇಕಾದ ಮರಗಳನ್ನು ನಮೂದಿಸುವುದು. ಯಂತ್ರ ಇಳಿದ ಮೇಲೆ ಗುರುತಿಸಲು ಅವಕಾಶವಿರುವುದಿಲ್ಲ.

2. ಹಿನ್ನೀರಂಚಿನಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ ಸಸಿಗಳನ್ನು ನೆಟ್ಟು, ಮೊದಲ ಬೇಸಿಗೆಗಳಲ್ಲಿ ನೀರುಣಿಸುವ ಹೊಣೆಯನ್ನು ನಿಗದಿಪಡಿಸುವುದು.

3. ಏರಿಯ ಮೇಲಾಗಲಿ ಕೋಡಿಯ ಬಳಿಯಾಗಲಿ ಮರ ನೆಡದಿರುವುದು. ಸತ್ತ ಬೇರು ಕೊಳೆತ ಜಾಡಿನಲ್ಲಿ ನೀರು ಸೋರಿ ಏರಿ ದುರ್ಬಲವಾಗುತ್ತದೆ.

4. 2002ರ ಜೀವವೈವಿಧ್ಯ ಕಾಯ್ದೆಯನ್ವಯ ರಚಿತವಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಕೆರೆಯಂಚಿನ ಮರಗಳನ್ನು ದಾಖಲಿಸುವುದು.

ಈ ವಿಷಯವನ್ನು ಮುಂದಿನ ಗ್ರಾಮಸಭೆಯ ಚರ್ಚೆಗೆ ತರಲು ಸದಸ್ಯರಲ್ಲಿ ಕೋರಲಾಗಿದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ