ಕೂಸಿನ ರಕ್ತದಲ್ಲಿ ತಾಯಿಯದೆಷ್ಟು, ತನ್ನದೆಷ್ಟು?

ರೋಗನಿರೋಧಕ ಶಕ್ತಿಯ ಕೆಲಸ ಗರ್ಭದಲ್ಲೇ ಶುರುವಾಗುತ್ತದೆ. ಸುಮಾರು ಒಂಬತ್ತನೇ ವಾರಕ್ಕೇ ಎದೆಗೂಡಿನ ಥೈಮಸ್ ಗ್ರಂಥಿಗೆ ಎಳೆಯ ಜೀವಕೋಶಗಳು ಬಂದು ಸೇರುತ್ತವೆ. ಅಲ್ಲಿ ಪಳಗಿ 'ಟಿ' ಕೋಶಗಳಾಗಿ ರಕ್ತಕ್ಕಿಳಿಯುತ್ತವೆ. ಪ್ರತಿಕಾಯ ತಯಾರಿಸುವ ಹೊಣೆ 'ಬಿ' ಕೋಶಗಳದು. ಆದರೆ ಹುಟ್ಟುವ ಹೊತ್ತಿಗೆ ಇವಕ್ಕೆ ರೋಗಾಣುಗಳ ಪರಿಚಯ ಸಾಲದು.

ಆ ಕೊರತೆಯನ್ನು ತಾಯಿ ತುಂಬುತ್ತಾಳೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಆಕೆಯ ಐಜಿಜಿ ಪ್ರತಿಕಾಯಗಳು ಮಾಸುವಿನ ಮೂಲಕ ಹೇರಳವಾಗಿ ಮಗುವಿಗೆ ದಾಟುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಪಾಲು ಕಡಿಮೆ. ಐಜಿಎಂ ಪ್ರತಿಕಾಯ ಮಾತ್ರ ದಾಟುವುದಿಲ್ಲ. ಆದ್ದರಿಂದ ಹುಟ್ಟಿದ ಕೂಡಲೇ ಅದು ಹೆಚ್ಚಿದ್ದರೆ, ಮಗು ಗರ್ಭದಲ್ಲೇ ಸೋಂಕನ್ನು ಎದುರಿಸಿರಬಹುದೆಂದು ವೈದ್ಯರು ಶಂಕಿಸುತ್ತಾರೆ.

ತಾಯಿಯ ಐಜಿಜಿ ಕೆಲವೇ ತಿಂಗಳಲ್ಲಿ ಕರಗುತ್ತದೆ. ಹುಟ್ಟಿನ ದೋಷ ಬಯಲಾಗುವುದು ಆಗಲೇ. 1952ರಲ್ಲಿ ಆಗ್ಡನ್ ಬ್ರೂಟನ್ ವಿವರಿಸಿದ ಕಾಯಿಲೆಯಲ್ಲಿ ಬಿ ಕೋಶಗಳು ಬೆಳೆಯುವುದಿಲ್ಲ. ಅದು ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದ ಮಗುವಿಗೆ ಆಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಮರುಕಳಿಸುತ್ತವೆ. ಟಿ ಕೋಶಗಳೇ ಇಲ್ಲದ 'ಸ್ಕಿಡ್' ಇನ್ನೂ ಘೋರ: ಬಾಯಲ್ಲಿ ಹೋಗದ ಬಿಳಿ ಅಗ್ರ, ನಿಲ್ಲದ ಭೇದಿ, ಏರದ ತೂಕ.

ಮೊದಲ ಸುಳಿವು ಮಾಮೂಲಿ ರಕ್ತಪರೀಕ್ಷೆಯಲ್ಲೇ ಇರುತ್ತದೆ. ಮೈಕ್ರೋಲೀಟರಿಗೆ 1,500 ಲಿಂಫೋಸೈಟ್ ದೊಡ್ಡವರಿಗೆ ಸಹಜ. ಕೂಸಿಗೆ ಅಪಾಯದ ಸೂಚನೆ. ಸಂಖ್ಯೆ ಸರಿಯಿದ್ದರೂ ಸಾಲದು, ಏಕೆಂದರೆ ಸ್ಕಿಡ್ ಇರುವ ಮಗುವಿನೊಳಗೆ ತಾಯಿಯ ಟಿ ಕೋಶಗಳು ಬೇರೂರಿರಬಹುದು. ಅದಕ್ಕೇ ಟ್ರೆಕ್ ಪರೀಕ್ಷೆ. ಥೈಮಸ್‌ನಲ್ಲಿ ಟಿ ಕೋಶ ರೂಪುಗೊಳ್ಳುವಾಗ, ದರ್ಜಿ ಕತ್ತರಿಸಿದ ಬಟ್ಟೆಯ ಚೂರಿನಂತೆ, ಡಿಎನ್‌ಎಯ ಒಂದು ತುಣುಕು ಉಳಿಯುತ್ತದೆ. ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಆ ತುಣುಕುಗಳು ಸಾಕಷ್ಟಿದ್ದರೆ ಮಗುವಿನ ಸ್ವಂತ ಥೈಮಸ್ ದುಡಿಯುತ್ತಿದೆ ಎಂದರ್ಥ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಎಲ್ಲ ನವಜಾತ ಶಿಶುಗಳಿಗೂ ಇದನ್ನು ಆರಂಭಿಸಿತು. ಕುಟುಂಬದ ವಂಶವಾಹಿ ದೋಷ ಮೊದಲೇ ಗೊತ್ತಿದ್ದರೆ ಬಸಿರಿನಲ್ಲೇ ಪರೀಕ್ಷಿಸಬಹುದು.

ಬೇಗ ಪತ್ತೆಯಾದರೆ, ಸೋಂಕು ತಗಲುವ ಮುನ್ನ ಅಸ್ಥಿಮಜ್ಜೆ ಕಸಿ ಮಾಡಿದರೆ, ಸ್ಕಿಡ್ ಇರುವ ಹೆಚ್ಚಿನ ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಹುಟ್ಟಿದೊಡನೆ ಕೊಡುವ ಬಿಸಿಜಿ ಜೀವಂತ ಲಸಿಕೆ. ಉಳಿದವರಿಗೆ ರಕ್ಷಣೆಯಾದ ಅದು ಇಂಥ ಮಕ್ಕಳಿಗೆ ಮಾರಕವಾಗಬಲ್ಲದು. ಸೋದರಮಾವನೊಂದಿಗಿನಂಥ ರಕ್ತಸಂಬಂಧದ ಮದುವೆಗಳಲ್ಲಿ ಕೆಲವು ಬಗೆಯ ಸ್ಕಿಡ್‌ನ ಸಾಧ್ಯತೆಯೂ ಹೆಚ್ಚು. ನಿಮ್ಮ ಮನೆತನದಲ್ಲಿ ಎಳೆಗೂಸುಗಳು ಸೋಂಕಿನಿಂದ ತೀರಿಕೊಂಡಿದ್ದರೆ, ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ.