ಒಂದೇ ಫೈಬರ್‌ನಲ್ಲಿ ಕಚೇರಿಯ ಫೋನೂ ಇಂಟರ್‌ನೆಟ್ಟೂ

ವಕೀಲರ ಕಚೇರಿ, ಲೆಕ್ಕಪರಿಶೋಧಕರ ಕಚೇರಿ, ಸ್ಕ್ಯಾನಿಂಗ್ ಸೆಂಟರ್, ಸಹಕಾರ ಸಂಘ, ಯಾವುದನ್ನೇ ನೋಡಿ, ಗೋಡೆಯ ಮೂಲೆಯಲ್ಲಿ ಎರಡು ತಂತಿ ಇಳಿದಿರುತ್ತವೆ. ಒಂದು ಹಳೆಯ ತಾಮ್ರದ ಜೋಡಿ ತಂತಿ. ಅದು ಇಪಿಎಬಿಎಕ್ಸ್ ಪೆಟ್ಟಿಗೆಗೆ ಹೋಗಿ ಅಲ್ಲಿಂದ ಒಂದೊಂದು ಮೇಜಿನ ಇಂಟರ್‌ಕಾಮ್‌ಗೂ ಹಂಚಿಕೆಯಾಗುತ್ತದೆ. ಇನ್ನೊಂದು ತೆಳ್ಳನೆಯ ಫೈಬರ್, ಕಂಪ್ಯೂಟರ್‌ಗಳಿಗೆ. ತಿಂಗಳಿಗೆ ಎರಡು ಬಿಲ್ಲು, ಕೆಟ್ಟರೆ ಎರಡು ಕಡೆ ದೂರು. ಈ ಎರಡನ್ನೂ ಫೈಬರ್ ಒಂದರಲ್ಲೇ ಹರಿಸಬಹುದು. ಐದರಿಂದ ಇಪ್ಪತ್ತು ಫೋನ್‌ಗಳಿರುವ ಕಚೇರಿಯವರು, ಈ ವಿಷಯಕ್ಕೆ ಹೊಸಬರಾದರೂ ಸರಿ, ಇದನ್ನು ಮುಂದೆ ನಿಂತು ಮಾಡಿಸಿಕೊಳ್ಳಲು ಸಾಧ್ಯವಾಗಲಿ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೈ ಹಾಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ಕಚೇರಿಯ ಫೋನ್ ಲೈನ್ ಡಿಜಿಟಲ್ ಆದದ್ದು ಈಚೆಗಲ್ಲ. ದೊಡ್ಡ ಕಚೇರಿಗಳು ತೆಗೆದುಕೊಳ್ಳುವ ಪಿಆರ್‌ಐ ಲೈನಿನಲ್ಲಿ 64 ಕಿಲೋಬಿಟ್‌ನ 32 ಪಾಲುಗಳಿರುತ್ತವೆ. ಅವುಗಳಲ್ಲಿ 30 ಮಾತಿಗೆ, ಉಳಿದೆರಡು ಲೈನಿನ ನಿರ್ವಹಣೆಗೆ. ಒಂದು ಕರೆಗೆ ಒಂದು ಪಾಲು ಸಿಕ್ಕಿತೆಂದರೆ ಮಾತು ಮುಗಿಯುವವರೆಗೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಇಂಟರ್‌ನೆಟ್‌ನಲ್ಲಿ ಅಂಥ ಕಾದಿರಿಸಿದ ಜಾಗವಿಲ್ಲ. ರಿಸರ್ವೇಶನ್ ಸೀಟಿನಲ್ಲಿ ಹೋಗುತ್ತಿದ್ದ ಮಾತು ಈಗ ಜನರಲ್ ಬೋಗಿ ಹತ್ತುತ್ತದೆ. ಆದ್ದರಿಂದ ಈ ಕೆಲಸದಲ್ಲಿ ನಿಮ್ಮ ಗಮನವೆಲ್ಲ ಸ್ಪೀಡಿನ ಮೇಲಲ್ಲ, ಮಾತಿಗೆ ಹೊತ್ತಿಗೆ ಸರಿಯಾಗಿ ಜಾಗ ಸಿಗುವುದರ ಮೇಲೆ ಇರಬೇಕು.

ಹಂತ 1: ಈಗ ಇರುವುದನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆಯಲ್ಲಿ ಎಲ್ಲ ನಂಬರ್‌ಗಳನ್ನೂ ಬರೆಯಿರಿ. ಬೋರ್ಡಿನ ಮೇಲೆ, ಲೆಟರ್‌ಹೆಡ್ಡಿನಲ್ಲಿ, ಬ್ಯಾಂಕಿನ ದಾಖಲೆಯಲ್ಲಿ ಇರುವ ನಂಬರ್ ಯಾವುದೆಂದು ಗುರುತು ಹಾಕಿ. ಆಮೇಲೆ ಕಣ್ಣಿಗೆ ಬೀಳದ ಲೈನ್‌ಗಳನ್ನು ಹುಡುಕಿ: ಲಿಫ್ಟಿನೊಳಗಿನ ತುರ್ತು ಫೋನ್, ಕಳ್ಳತನದ ಅಲಾರಂ, ಮೂಲೆಯಲ್ಲಿ ಕೂತಿರುವ ಫ್ಯಾಕ್ಸ್, ಫೋನ್ ಲೈನಿನಿಂದ ನಡೆಯುವ ಹಳೆಯ ಕಾರ್ಡ್ ಯಂತ್ರ. ತಾಮ್ರದ ಲೈನ್ ಕಡಿದ ಮೇಲೆ ಸದ್ದಿಲ್ಲದೆ ಸಾಯುವುದು ಇವೇ. ಲಿಫ್ಟಿನ ಫೋನಂತೂ ಯಾರಾದರೂ ಒಳಗೆ ಸಿಕ್ಕಿಕೊಂಡ ದಿನವೇ ಗೊತ್ತಾಗುತ್ತದೆ.

ಒಂದೇ ಹೊತ್ತಿನಲ್ಲಿ ಹೆಚ್ಚೆಂದರೆ ಎಷ್ಟು ಹೊರಗಿನ ಕರೆ ನಡೆಯುತ್ತವೆ ಎಂಬುದನ್ನೂ ಬರೆಯಿರಿ. ಹನ್ನೆರಡು ಫೋನ್ ಇದ್ದ ಮಾತ್ರಕ್ಕೆ ಹನ್ನೆರಡು ಲೈನ್ ಬೇಕಿಲ್ಲ. ಮೇಜಿನಿಂದ ಮೇಜಿಗೆ ಮಾಡುವ ಇಂಟರ್‌ಕಾಮ್ ಕರೆಗಳು ಹೊರಗಿನ ಲೈನನ್ನು ಬಳಸುವುದೇ ಇಲ್ಲ. ಕೆಲಸದ ಒತ್ತಡವಿರುವ ಒಂದು ಬೆಳಿಗ್ಗೆ ರಿಸೆಪ್ಷನ್‌ನಲ್ಲಿ ಕೂತು ಎಣಿಸಿದರೆ ಲೆಕ್ಕ ಸಿಗುತ್ತದೆ.

ಹಂತ 2: ನಂಬರ್ ಉಳಿಯುತ್ತದೆಯೇ ಎಂದು ಕೇಳಿ

ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರಲ್ಲಿ. ಲ್ಯಾಂಡ್‌ಲೈನಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಹಳೆಯ ನಂಬರ್ ಮುಖ್ಯವಾಗಿದ್ದರೆ ಮೊದಲು ಈಗಿನ ಕಂಪನಿಯವರನ್ನೇ ಕೇಳಿ: "ತಾಮ್ರದ ಲೈನನ್ನು ಫೈಬರ್‌ಗೆ ಬದಲಿಸಿ ಇದೇ ನಂಬರ್ ಕೊಡುತ್ತೀರಾ?" ಅನೇಕ ಎಕ್ಸ್‌ಚೇಂಜ್‌ಗಳಲ್ಲಿ ಕೊಡುತ್ತಾರೆ. ಬರವಣಿಗೆಯಲ್ಲಿ ಒಪ್ಪಿಗೆ ಸಿಗುವವರೆಗೆ ಹಳೆಯ ಲೈನ್ ರದ್ದಿಗೆ ಅರ್ಜಿ ಕೊಡಬೇಡಿ. ಒಮ್ಮೆ ಬಿಟ್ಟುಕೊಟ್ಟ ನಂಬರ್ ಬೇರೆಯವರ ಪಾಲಾದರೆ ಇಪ್ಪತ್ತು ವರ್ಷದ ಗ್ರಾಹಕರು ಇನ್ಯಾರದೋ ಮನೆಗೆ ಫೋನ್ ಮಾಡುತ್ತಾರೆ.

ಹಂತ 3: ಮಾತಿಗೆ ಎಷ್ಟು ಜಾಗ ಬೇಕು?

ಬೇಕಿರುವುದು ತುಂಬ ಕಡಿಮೆ. ನೀವು ಆಡಿದ ಮಾತನ್ನು ಯಂತ್ರ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪೊಟ್ಟಣ ಮಾಡಿ ಕಳಿಸುತ್ತದೆ. ಜಿ.711 ಎಂಬ ಮಾಮೂಲಿ ಪದ್ಧತಿಯಲ್ಲಿ ಮಾತಿಗೆ 64 ಕಿಲೋಬಿಟ್ ಬೇಕು. ಪೊಟ್ಟಣದ ಮೇಲಿನ ವಿಳಾಸವೆಲ್ಲ ಸೇರಿ ಸುಮಾರು 90 ಕಿಲೋಬಿಟ್ ಎಂದಿಟ್ಟುಕೊಳ್ಳಿ, ಹೋಗಲು ಅಷ್ಟು, ಬರಲು ಅಷ್ಟು. ಒಟ್ಟಿಗೆ ಐದು ಕರೆ ನಡೆದರೂ ಅರ್ಧ ಎಂಬಿಪಿಎಸ್ ಮುಟ್ಟುವುದಿಲ್ಲ. ಫೋನಿಗೋಸ್ಕರ ದುಬಾರಿ ಪ್ಲ್ಯಾನ್ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಹಂತ 4: ಹಳೆಯ ಇಪಿಎಬಿಎಕ್ಸ್ ಉಳಿಸಬೇಕೇ, ಬಿಡಬೇಕೇ?

ಇದಕ್ಕೆ ಮೂರು ದಾರಿಗಳಿವೆ.

ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಅದರ ಹಿಂದೆ ಹಲವು ಮಾಡೆಲ್‌ಗಳಲ್ಲಿ ಒಂದೆರಡು ಫೋನ್ ಕಿಂಡಿ ಇರುತ್ತವೆ. ಅಲ್ಲಿಂದ ಒಂದು ಮಾಮೂಲಿ ಫೋನ್ ವೈರನ್ನು ಎಳೆದು, ಇಪಿಎಬಿಎಕ್ಸ್‌ನಲ್ಲಿ ಹಳೆಯ ಹೊರಗಿನ ಲೈನ್ ಕೂರುತ್ತಿದ್ದ ಜಾಗಕ್ಕೇ ಸಿಕ್ಕಿಸಿದರೆ ಆಯಿತು. ಮೇಜಿನ ಫೋನು, ಎಕ್ಸ್‌ಟೆನ್ಶನ್ ನಂಬರ್ ಯಾವುದೂ ಬದಲಾಗುವುದಿಲ್ಲ. ಪೆಟ್ಟಿಗೆ ಚೆನ್ನಾಗಿದ್ದು ಒಂದೆರಡು ಲೈನ್ ಸಾಕಾದರೆ ಇದನ್ನೇ ಮಾಡಿ, ಹೆಚ್ಚಿನ ಖರ್ಚು ಬೇಡ.

ಲೈನ್ ಜಾಸ್ತಿ ಬೇಕಿದ್ದರೆ ಎಸ್‌ಐಪಿ ಟ್ರಂಕ್, ಅಂದರೆ ಇಂಟರ್‌ನೆಟ್ ಸಂಪರ್ಕದ ಮೇಲೆಯೇ ಬರುವ ಹೊರ ಲೈನ್‌ಗಳ ಕಟ್ಟು, ತೆಗೆದುಕೊಂಡು, ನಡುವೆ ಒಂದು ಗೇಟ್‌ವೇ ಕೂರಿಸಿ, ಹಳೆಯ ಪೆಟ್ಟಿಗೆಗೆ ಜೋಡಿಸಬಹುದು. ಗೇಟ್‌ವೇ ಕೊಳ್ಳುವಾಗ ಎಚ್ಚರವಿರಲಿ. ಡಯಲ್ ಟೋನ್ ಕೊಡುವ ಕಿಂಡಿ ಎಫ್‌ಎಕ್ಸ್‌ಎಸ್, ಡಯಲ್ ಟೋನ್ ಪಡೆಯುವ ಕಿಂಡಿ ಎಫ್‌ಎಕ್ಸ್‌ಒ. ಇಪಿಎಬಿಎಕ್ಸ್‌ನ ಹೊರ ಲೈನಿನ ಜಾಗ ಟೋನ್ ಪಡೆಯುವಂಥದ್ದು, ಆದ್ದರಿಂದ ನಿಮಗೆ ಬೇಕಾದದ್ದು ಎಫ್‌ಎಕ್ಸ್‌ಎಸ್ ಗೇಟ್‌ವೇ. ತಪ್ಪಾಗಿ ಇನ್ನೊಂದನ್ನು ತಂದರೆ ಲೈನಿನಲ್ಲಿ ಟೋನೇ ಬರುವುದಿಲ್ಲ.

ಮೂರನೆಯದು, ಹಳೆಯದನ್ನು ಪೂರ್ತಿ ತೆಗೆದು, ಕಂಪ್ಯೂಟರ್ ನೆಟ್‌ವರ್ಕ್‌ನಲ್ಲೇ ನಡೆಯುವ ಐಪಿ ಪಿಬಿಎಕ್ಸ್ ಮತ್ತು ಐಪಿ ಫೋನ್ ಹಾಕುವುದು. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರು ಮಾಡಿದ ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶ ಒಂದು ಸಾಧಾರಣ ಕಂಪ್ಯೂಟರ್‌ನಲ್ಲೇ ಈ ಕೆಲಸ ಮಾಡುತ್ತದೆ. ಆದರೆ ಅದನ್ನು ನೋಡಿಕೊಳ್ಳುವವರು ಊರಿನಲ್ಲೇ ಇರಬೇಕು. ಇಲ್ಲದಿದ್ದರೆ ಈ ದಾರಿ ಬೇಡ. ಇನ್ನೊಂದು ಮಾತು: ಆಪರೇಟರ್ ಮೇಜಿನ ಮೇಲಿರುವ, ಸಾಲು ಸಾಲು ಗುಂಡಿಯ ಡಿಜಿಟಲ್ ಫೋನ್ ಅದೇ ಕಂಪನಿಯ ಪೆಟ್ಟಿಗೆಗಷ್ಟೇ ಕೆಲಸ ಮಾಡುತ್ತದೆ, ಹೊಸದಕ್ಕೆ ಹೊಂದುವುದಿಲ್ಲ.

ಹಂತ 5: ವೈರಿಂಗ್

ಐಪಿ ಫೋನ್ ಹಾಕಿದರೆ ವೈಫೈ ನೆಚ್ಚಬೇಡಿ, ಕೇಬಲ್ ಎಳೆಸಿ. ಪಿಒಇ ಸ್ವಿಚ್ ತಂದರೆ ನೆಟ್‌ವರ್ಕ್ ಕೇಬಲಿನಲ್ಲೇ ಫೋನಿಗೆ ಕರೆಂಟೂ ಹೋಗುತ್ತದೆ, ಮೇಜಿಗೊಂದು ಅಡಾಪ್ಟರ್ ಬೇಕಾಗುವುದಿಲ್ಲ. ಫೋನ್‌ಗಳನ್ನು ಕಂಪ್ಯೂಟರ್‌ಗಳಿಂದ ಬೇರೆ ವಿಎಲ್ಯಾನ್‌ನಲ್ಲಿ, ಅಂದರೆ ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲದಲ್ಲಿ, ಇಡಲು ಕೆಲಸದವರಿಗೆ ಹೇಳಿ.

ಹಂತ 6: ಮಾತಿಗೆ ಮೊದಲ ದಾರಿ ಬಿಡಿ

ಇಡೀ ಕೆಲಸದ ಜೀವ ಇರುವುದು ಇಲ್ಲೇ. ಕೆಲಸ ಮಾಡಿಕೊಡುವವರು ಅವಸರದಲ್ಲಿ ಬಿಟ್ಟುಹೋಗುವುದೂ ಇದನ್ನೇ.

ಒಂದು ಸ್ಕ್ಯಾನಿಂಗ್ ಸೆಂಟರ್ ನೆನೆಸಿಕೊಳ್ಳಿ. ಒಳಗೆ ಟೆಕ್ನಿಷಿಯನ್ ಸಿಟಿ ಸ್ಕ್ಯಾನಿನ ಕೆಲವು ನೂರು ಎಂಬಿ ಚಿತ್ರಗಳನ್ನು ಬೇರೆ ಊರಿನ ರೇಡಿಯಾಲಜಿಸ್ಟ್‌ಗೆ ಅಪ್‌ಲೋಡ್ ಮಾಡುತ್ತಿದ್ದಾರೆ. ಅದೇ ಹೊತ್ತಿಗೆ ರಿಸೆಪ್ಷನ್‌ನಲ್ಲಿ ಫೋನ್. "ಅಮ್ಮಾ, ನಾಳೆ ಹತ್ತೂವರೆಗೆ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬರಬೇಕು" ಎಂದು ಇವರು ಸ್ಪಷ್ಟವಾಗಿಯೇ ಹೇಳುತ್ತಾರೆ. ಆ ಕಡೆಯ ಹೆಂಗಸಿಗೆ ಕೇಳುವುದು "ನಾಳೆ... ವರೆಗೆ ಬನ್ನಿ... ಹೊಟ್ಟೆ..." ಅಷ್ಟೇ. ಆಕೆಯ ದನಿ ಮಾತ್ರ ಇವರಿಗೆ ನಿಚ್ಚಳವಾಗಿ ಕೇಳುತ್ತಿರುತ್ತದೆ, ಹಾಗಾಗಿ ತೊಂದರೆಯಿದೆ ಎಂಬ ಗುಮಾನಿಯೂ ರಿಸೆಪ್ಷನ್‌ನವರಿಗೆ ಬರುವುದಿಲ್ಲ. ಮರುದಿನ ಆಕೆ ತಿಂಡಿ ತಿಂದು ಬಂದಿರುತ್ತಾರೆ.

ಆದದ್ದು ಇಷ್ಟು. ಅಪ್‌ಲೋಡ್ 10 ಎಂಬಿಪಿಎಸ್ ಇರುವ ಲೈನಿನಲ್ಲಿ ಆ ಚಿತ್ರಗಳು ರೌಟರ್‌ನ ಬಾಗಿಲಲ್ಲಿ 1 ಎಂಬಿಯಷ್ಟು ಸಾಲುಗಟ್ಟಿ ನಿಂತರೆ ಅದು ಕರಗಲು 0.8 ಸೆಕೆಂಡು ಬೇಕು. ಮಾತಿನ ಪೊಟ್ಟಣ ಆ ಸಾಲಿನ ಹಿಂದೆ ನಿಲ್ಲುತ್ತದೆ. ಆ ಕಡೆಯವರ ಕಿವಿ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಇಲ್ಲಿ ಅದರ ಐದು ಪಟ್ಟು ದಾಟಿತು. ತಡವಾಗಿ ಬಂದ ಪೊಟ್ಟಣವನ್ನು ಆ ಕಡೆಯ ಯಂತ್ರ ಎಸೆದುಬಿಡುತ್ತದೆ, ಅದರೊಂದಿಗೆ "ಖಾಲಿ" ಎಂಬ ಮಾತೂ ಹೋಗುತ್ತದೆ.

ಪರಿಹಾರಕ್ಕೆ ಮೂರು ಕೆಲಸ ಮಾಡಿಸಿ. ಮೊದಲು ರೌಟರ್‌ನ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಫೋನಿನ ಪೊಟ್ಟಣಗಳಿಗೆ ಮೊದಲ ಆದ್ಯತೆ ಕೊಡಿಸಿ. ಮಾತಿನ ಪೊಟ್ಟಣದ ಮೇಲೆ ಸಾಮಾನ್ಯವಾಗಿ 46 ಎಂಬ ಗುರುತು ಇರುತ್ತದೆ, ಅದನ್ನು ಗುರುತಿಸಿ ಸಾಲಿನ ಮುಂದಕ್ಕೆ ಬಿಡುವಂತೆ ಹೇಳಬೇಕು. ಎರಡನೆಯದು, ಸ್ಪೀಡ್ ಟೆಸ್ಟ್ ಮಾಡಿ ಸಿಕ್ಕ ಅಪ್‌ಲೋಡ್ ವೇಗದ ಶೇ. 85ರಿಂದ 90ರಷ್ಟನ್ನೇ ಗರಿಷ್ಠ ಮಿತಿಯಾಗಿ ರೌಟರ್‌ನಲ್ಲಿ ಬರೆಸಿ. ಆಗ ಸಾಲು ಕಂಪನಿಯ ಪೆಟ್ಟಿಗೆಯಲ್ಲಿ ನಿಲ್ಲದೆ ನಿಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮುಂದೆ ಬಿಡಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಮೂರನೆಯದು, ರೌಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ ಸೌಲಭ್ಯವಿದ್ದರೆ ಆಫ್ ಮಾಡಿಸಿ. ಒಂದೇ ಕಡೆಗೆ ಮಾತು ಕೇಳುವುದು, ಸರಿಯಾಗಿ ಅರ್ಧ ನಿಮಿಷಕ್ಕೆ ಕರೆ ಕಡಿದುಹೋಗುವುದು, ಇವಕ್ಕೆ ಬಹಳ ಸಲ ಅದೇ ಕಾರಣ.

ಫೋನ್ ನೇರವಾಗಿ ಒಎನ್‌ಟಿಯ ಕಿಂಡಿಯಿಂದಲೇ ಬಂದಿದ್ದರೆ ಆದ್ಯತೆಯನ್ನು ಸಾಮಾನ್ಯವಾಗಿ ಕಂಪನಿಯವರೇ ಹೊಂದಿಸಿರುತ್ತಾರೆ. ಆದರೂ ಪರೀಕ್ಷೆ ಬಿಡಬೇಡಿ.

ಹಂತ 7: ಕರೆಂಟ್ ಹೋದರೆ?

ಊರೆಲ್ಲ ಕತ್ತಲಾದಾಗಲೂ ಹಳೆಯ ಲ್ಯಾಂಡ್‌ಲೈನ್ ಮೊಳಗುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಾಮ್ರದ ತಂತಿಯಲ್ಲೇ ಬರುತ್ತಿದ್ದುದರಿಂದ ಅದು ಸಾಧ್ಯವಾಗಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಒಎನ್‌ಟಿ, ರೌಟರ್, ಸ್ವಿಚ್, ಇಪಿಎಬಿಎಕ್ಸ್ ನಾಲ್ಕನ್ನೂ ಯುಪಿಎಸ್‌ಗೆ ಹಾಕಿಸಿ, ಒಂದು ಬಿಟ್ಟರೂ ಫೋನ್ ಸತ್ತಂತೆ. ಎಲ್ಲ ಸೇರಿ 70 ವ್ಯಾಟ್ ಆಗುತ್ತದೆಂದರೆ ಸುಸ್ಥಿತಿಯಲ್ಲಿರುವ 150 ಎಎಚ್‌ನ ಒಂದು ಬ್ಯಾಟರಿ ಹತ್ತು ಗಂಟೆ ದಾಟಿಸುತ್ತದೆ. ಅದಕ್ಕೆ ಫ್ಯಾನು, ಪ್ರಿಂಟರ್ ಸೇರಿಸದಿದ್ದರೆ ಮಾತ್ರ.

ಹಂತ 8: ಬೀಗ ಹಾಕಿ

ಇಂಟರ್‌ನೆಟ್‌ಗೆ ಸೇರಿದ ಫೋನ್ ವ್ಯವಸ್ಥೆಯೊಳಗೆ ಕಳ್ಳರು ರಾತ್ರಿಯಲ್ಲಿ ನುಗ್ಗಿ ವಿದೇಶಕ್ಕೆ ಕರೆ ಮಾಡಿ, ಬೆಳಗಾಗುವಷ್ಟರಲ್ಲಿ ಲಕ್ಷಗಟ್ಟಲೆ ಬಿಲ್ ತರಿಸಿಬಿಡಬಲ್ಲರು. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. ಎಕ್ಸ್‌ಟೆನ್ಶನ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ. ಹೊರಗಿನವರು 5060ನೇ ಪೋರ್ಟಿಗೆ ಬಂದು ಬಾಗಿಲು ತಟ್ಟದಂತೆ, ನಿಮ್ಮ ಕಂಪನಿಯ ವಿಳಾಸಕ್ಕಷ್ಟೇ ಅದನ್ನು ತೆರೆಸಿ. ಐಎಸ್‌ಡಿ ಬೇಡವಾದರೆ ಕಂಪನಿಯವರ ಕಡೆಯಿಂದಲೇ ಮುಚ್ಚಿಸಿ. ನಿಮ್ಮ ಇಂಟರ್‌ನೆಟ್ ಲೈನಿನಲ್ಲಿ ವಿದೇಶದ ಕರೆಗಳನ್ನು ಇಳಿಸಿಕೊಂಡು ಸಿಮ್ ಮೂಲಕ ದಾಟಿಸಿದರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಅದು ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜ್, ಪೊಲೀಸರು ಬರುವುದು ನಿಮ್ಮ ಕಚೇರಿಗೇ.

ಹಂತ 9: ಪರೀಕ್ಷೆ, ಆಮೇಲೆ ಹಳೆಯ ಲೈನಿಗೆ ವಿದಾಯ

ಒಂದು ಬಿಲ್ಲಿನ ಅವಧಿಯಾದರೂ ಹಳೆಯದು ಹೊಸದು ಎರಡೂ ಇರಲಿ. ಹಳೆಯ ನಂಬರನ್ನೇ ಫೈಬರ್‌ಗೆ ಬದಲಿಸಿಕೊಂಡವರಿಗೆ ಈ ಅನುಕೂಲವಿಲ್ಲ. ಅವರು ಬದಲಾವಣೆಯನ್ನು ಕಚೇರಿಗೆ ರಜೆಯಿರುವ ದಿನಕ್ಕೆ ಇಟ್ಟುಕೊಳ್ಳಲಿ.

ಪರಿಚಯದವರಿಗೆ ಫೋನ್ ಹಚ್ಚಿ ಮಾತಾಡುತ್ತಲೇ ಒಂದು ದೊಡ್ಡ ಫೈಲ್ ಅಪ್‌ಲೋಡ್ ಶುರು ಮಾಡಿ. ನಿಮ್ಮ ದನಿ ಅವರಿಗೆ ಹೇಗೆ ಕೇಳುತ್ತಿದೆ ಎಂದು ಅವರನ್ನೇ ಕೇಳಬೇಕು. ನಿಮಗೆ ಅವರ ದನಿ ಚೆನ್ನಾಗಿ ಕೇಳುವುದು ಲೆಕ್ಕಕ್ಕಿಲ್ಲ. ಬ್ಯಾಂಕಿನ ಗ್ರಾಹಕ ಸೇವೆಗೆ ಕರೆ ಮಾಡಿ ಒಂದು ಒತ್ತಿ, ಎರಡು ಒತ್ತಿ, ಗುಂಡಿಗಳು ಆ ಕಡೆ ತಲುಪುತ್ತಿವೆಯೇ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ ಕರೆ ನಿಲ್ಲದೆ ಮುಂದುವರಿಯುತ್ತದೆಯೇ ನೋಡಿ. ಕೊನೆಗೆ ಫೈಬರ್ ಕಿತ್ತು ಹೊರಗಿನಿಂದ ನಿಮ್ಮ ನಂಬರಿಗೇ ಕರೆ ಮಾಡಿ. ರಸ್ತೆ ಅಗೆದಾಗ ಫೈಬರ್ ತುಂಡಾಗುವುದು ಹೊಸದೇನಲ್ಲ, ಅಂಥ ಹೊತ್ತಿನಲ್ಲಿ ಕರೆ ತಾನಾಗಿ ಒಂದು ಮೊಬೈಲ್‌ಗೆ ತಿರುಗುವ ಏರ್ಪಾಡನ್ನು ಕಂಪನಿಯವರಿಂದ ಮಾಡಿಸಿಟ್ಟಿರಬೇಕು. ತುರ್ತು ಸಂಖ್ಯೆ 112 ಹೊಸ ಲೈನಿನಿಂದ ನಿಮ್ಮ ಊರಿಗೇ ಸರಿಯಾಗಿ ಹೋಗುತ್ತದೆಯೇ ಎಂಬುದನ್ನು ಸುಮ್ಮನೆ ಡಯಲ್ ಮಾಡಿ ನೋಡಬೇಡಿ, ಕಂಪನಿಯವರನ್ನು ಕೇಳಿ ಬರೆಸಿಕೊಳ್ಳಿ.

ಇಷ್ಟೆಲ್ಲ ಸರಿಯಾಗಿದ್ದರೆ ಹಳೆಯ ಲೈನ್ ರದ್ದಿಗೆ ಅರ್ಜಿ ಬರೆಯಿರಿ. ಹಂತ 1ರ ಹಾಳೆ ತೆಗೆದು, ಲಿಫ್ಟು, ಅಲಾರಂಗಳ ಲೈನ್ ರದ್ದಾಗುವ ಲೈನ್‌ಗಳಲ್ಲಿ ಸೇರಿಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಲೈನಿನ ಕಂಪನಿಯವರು ಕೊಟ್ಟಿದ್ದ ಫೋನ್, ಮೋಡೆಮ್ ಹಿಂತಿರುಗಿಸಿ ರಸೀದಿ ಪಡೆಯಿರಿ. ಲೈನ್ ತೆಗೆದುಕೊಂಡಾಗ ಕಟ್ಟಿದ ಡಿಪಾಸಿಟ್ ವಾಪಸ್ ಬರಬೇಕೆಂದು ಅರ್ಜಿಯಲ್ಲೇ ಬರೆದು, ಬ್ಯಾಂಕ್ ಖಾತೆಯ ವಿವರ ಕೊಟ್ಟು, ಸೀಲ್ ಹಾಕಿಸಿದ ಪ್ರತಿಯೊಂದನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.